ಕಾಲ್ಬೆರಳಿನ ಒಳಬೆಳೆದ ಉಗುರು: ಅರಿವು, ಚಿಕಿತ್ಸೆ ಹಾಗೂ ಗ್ರಾಮ ಪಂಚಾಯತಿಯ ಹೊಣೆ

(ಗ್ರಾಮ ಪಂಚಾಯತಿ ಸದಸ್ಯರ ಆರೋಗ್ಯ ಅರಿವು ತರಬೇತಿಗಾಗಿ ಸಿದ್ಧಪಡಿಸಿದ ಉಪನ್ಯಾಸದ ಪಠ್ಯ)



ಗ್ರಾಮ ಪಂಚಾಯತಿ ಸಭೆಗಳಲ್ಲಿ ಆರೋಗ್ಯದ ವಿಷಯ ಚರ್ಚೆಗೆ ಬಂದಾಗ ಡೆಂಗೀ ಜ್ವರ, ಕುಡಿಯುವ ನೀರಿನ ಶುದ್ಧತೆ, ಚರಂಡಿ ಸ್ವಚ್ಛತೆ, ತಾಯಂದಿರ ರಕ್ತಹೀನತೆ ಮೊದಲಾದ ವಿಷಯಗಳು ಪ್ರಸ್ತಾಪವಾಗುತ್ತವೆ. ಅದು ಸಹಜವೂ ಹೌದು, ಅಗತ್ಯವೂ ಹೌದು. ಆದರೆ ಕಾಲಿನ ಹೆಬ್ಬೆರಳಿನ ಉಗುರು ಯಾವ ಸಭೆಯ ಕಾರ್ಯಸೂಚಿಯಲ್ಲಿಯೂ ಸ್ಥಾನ ಪಡೆಯುವುದಿಲ್ಲ. ಈ ಉಗುರಿನ ತೊಂದರೆಯಿಂದ ನರಳುವವರು ಕುಂಟುತ್ತಲೇ ಹೊಲಕ್ಕೆ ಹೋಗುತ್ತಾರೆ, ಕುಂಟುತ್ತಲೇ ಶಾಲೆಗೆ ಹೋಗುತ್ತಾರೆ, ಕುಂಟುತ್ತಲೇ ಕಸದ ವಾಹನದ ಹಿಂದೆ ನಡೆಯುತ್ತಾರೆ. ಕೇಳಿದರೆ "ಏನಿಲ್ಲ, ಉಗುರುಸುತ್ತು" ಎಂಬ ಉತ್ತರ ದೊರೆಯುತ್ತದೆ.

ಬಹುಪಾಲು ಜನರಲ್ಲಿ ಇದು ನೋವು ಕೊಟ್ಟು ಕೆಲವು ದಿನಗಳ ಕೂಲಿ ಕೆಡಿಸಿ ಹೋಗುವ ತೊಂದರೆ. ಆದರೆ ಮಧುಮೇಹಿಗಳಲ್ಲಿ ಹಾಗೂ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರಲ್ಲಿ ಇದೇ ಸಣ್ಣ ಗಾಯ ಬೆರಳನ್ನೂ, ಕೆಲವೊಮ್ಮೆ ಪಾದವನ್ನೂ ಕಳೆದುಕೊಳ್ಳುವುದಕ್ಕೆ ಮೊದಲ ಕಾರಣವಾಗಬಲ್ಲುದು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳಬಾರದೆಂಬ ಗಾದೆ ಕನ್ನಡದಲ್ಲಿದೆ. ಈ ತೊಂದರೆಯ ವಿಷಯದಲ್ಲಿ ಆ ಮಾತು ಅಕ್ಷರಶಃ ಅನ್ವಯವಾಗುತ್ತದೆ. ಸಕಾಲದಲ್ಲಿ ಒಂದು ನೇಲ್ ಕಟರ್ ಮತ್ತು ಸರಿಯಾದ ಅಳತೆಯ ಪಾದರಕ್ಷೆಯಿಂದ ತಪ್ಪಿಸಬಹುದಾದದ್ದು, ತಡವಾದರೆ ಶಸ್ತ್ರಚಿಕಿತ್ಸೆಯವರೆಗೆ ಹೋಗುತ್ತದೆ.

1. ಉಗುರುಸುತ್ತು ಬೇರೆ, ಒಳಬೆಳೆದ ಉಗುರು ಬೇರೆ

ಗ್ರಾಮಾಂತರ ಪ್ರದೇಶದಲ್ಲಿ ಉಗುರಿನ ಸುತ್ತ ಊತ, ನೋವು, ಕೀವು ಕಾಣಿಸಿದರೆ ಅದೆಲ್ಲವನ್ನೂ ಉಗುರುಸುತ್ತು ಎಂದೇ ಕರೆಯುವುದು ರೂಢಿ. ಕೈಬೆರಳಿನ ಉಗುರುಸುತ್ತು ಸಾಮಾನ್ಯವಾಗಿ ಉಗುರಿನ ಬದಿಯ ಚರ್ಮದಲ್ಲಿ ಸಣ್ಣ ಬಿರುಕು ಉಂಟಾಗಿ, ಅದರ ಮೂಲಕ ರೋಗಾಣುಗಳು ಸೇರಿಕೊಳ್ಳುವುದರಿಂದ ಬರುತ್ತದೆ. ಅದಕ್ಕೆ ನಿಂಬೆಹಣ್ಣನ್ನು ಬೆರಳಿಗೆ ಸಿಕ್ಕಿಸಿಕೊಳ್ಳುವ ಪದ್ಧತಿ ಎಲ್ಲರಿಗೂ ತಿಳಿದದ್ದೇ.

ಕಾಲಿನ ಹೆಬ್ಬೆರಳಿನಲ್ಲಿ ಕಂಡುಬರುವ ತೊಂದರೆ ಅನೇಕ ವೇಳೆ ಇದಕ್ಕಿಂತ ಭಿನ್ನವಾದುದು. ಇಲ್ಲಿ ಉಗುರಿನ ಅಂಚು ಅಥವಾ ಮೂಲೆಯ ಮೊನೆಯು ಪಕ್ಕದ ಮಾಂಸದೊಳಕ್ಕೆ ಚುಚ್ಚಿಕೊಂಡು ಬೆಳೆಯುತ್ತದೆ. ಊತ ಹಾಗೂ ಕೀವು ಅದರ ಪರಿಣಾಮ ಮಾತ್ರ. ಕಾಲಿಗೆ ಚುಚ್ಚಿದ ಜಾಲಿಮುಳ್ಳು ಒಳಗೇ ಉಳಿದಿರುವಾಗ ಮೇಲೆ ಎಷ್ಟು ಔಷಧಿ ಹಚ್ಚಿದರೂ ಗಾಯ ಮಾಯುವುದಿಲ್ಲ. ಒಳಬೆಳೆದ ಉಗುರು ಸಹ ಅಂತಹ ಒಂದು ಮುಳ್ಳು. ಆದರೆ ಇದು ಹೊರಗಿನಿಂದ ಬಂದದ್ದಲ್ಲ, ದೇಹವೇ ಬೆಳೆಸಿದ್ದು, ಮತ್ತು ಪ್ರತಿದಿನವೂ ಸ್ವಲ್ಪ ಸ್ವಲ್ಪ ಮುಂದಕ್ಕೆ ಸರಿಯುತ್ತಿರುವಂಥದ್ದು. ಮಾತ್ರೆ, ಮುಲಾಮುಗಳಿಂದ ಕೆಲವು ದಿನ ಕಡಿಮೆಯಾಗಿ ಮತ್ತೆ ಮತ್ತೆ ಮರುಕಳಿಸುವುದಕ್ಕೆ ಇದೇ ಕಾರಣ. ಈ ಒಂದು ಅಂಶ ಮನದಟ್ಟಾದರೆ ಚಿಕಿತ್ಸೆಯ ಮತ್ತು ತಡೆಗಟ್ಟುವಿಕೆಯ ಉಳಿದೆಲ್ಲ ಕ್ರಮಗಳೂ ತಾವಾಗಿಯೇ ಅರ್ಥವಾಗುತ್ತವೆ.

2. ಉಗುರು ಒಳಬೆಳೆಯಲು ಕಾರಣಗಳು

ಉಗುರು ತನ್ನ ಬುಡದಲ್ಲಿರುವ ಬೇರಿನಿಂದ ಹುಟ್ಟಿ ಮುಂದಕ್ಕೆ ಸಾಗುತ್ತದೆ. ಕಾಲಿನ ಉಗುರು ತಿಂಗಳಿಗೆ ಸುಮಾರು 1.5 ಮಿಲಿಮೀಟರ್ ಮಾತ್ರ ಬೆಳೆಯುತ್ತದೆ. ಕೈಬೆರಳಿನ ಉಗುರು ಅದರ ಸರಿಸುಮಾರು ಎರಡರಷ್ಟು ವೇಗದಲ್ಲಿ ಬೆಳೆಯುತ್ತದೆ. ಹೆಬ್ಬೆರಳಿನ ಉಗುರು ಪೂರ್ತಿಯಾಗಿ ಹೊಸದಾಗಲು 12ರಿಂದ 18 ತಿಂಗಳು ಬೇಕಾಗುತ್ತದೆ. ಉಗುರಿನ ಎರಡೂ ಬದಿಯಲ್ಲಿ ಚರ್ಮದ ಮಡಿಕೆಗಳಿದ್ದು, ಅವುಗಳ ನಡುವಿನ ಕಾಲುವೆಯಲ್ಲಿ ಉಗುರು ಸಾಗಬೇಕು. ಆ ದಾರಿಗೆ ಅಡ್ಡಿಯಾದಾಗ ತೊಂದರೆ ಪ್ರಾರಂಭವಾಗುತ್ತದೆ.

ಮೊದಲನೆಯ ಮತ್ತು ಮುಖ್ಯ ಕಾರಣ ಉಗುರು ಕತ್ತರಿಸುವ ತಪ್ಪು ಕ್ರಮ. ಕೈಬೆರಳಿನಂತೆಯೇ ಕಾಲ್ಬೆರಳಿನ ಉಗುರನ್ನೂ ದುಂಡಗೆ, ಮೂಲೆಗಳನ್ನು ಆಳವಾಗಿ ಕತ್ತರಿಸುವುದು, ಬ್ಲೇಡಿನಿಂದ ಕೊರೆಯುವುದು, ಕೈಯಿಂದ ಹರಿದು ಕೀಳುವುದು ರೂಢಿಯಲ್ಲಿದೆ. ಹೀಗೆ ಮಾಡಿದಾಗ ಕಣ್ಣಿಗೆ ಕಾಣದಂತೆ ಬದಿಯಲ್ಲಿ ಒಂದು ಸಣ್ಣ ಮೊನೆ ಉಳಿದುಬಿಡುತ್ತದೆ. ಜೊತೆಗೆ, ನಡೆಯುವಾಗ ದೇಹದ ಭಾರ ಹೆಬ್ಬೆರಳಿನ ಮೇಲೆ ಬಿದ್ದು ಬೆರಳಿನ ತುದಿಯ ಮಾಂಸ ಮೇಲಕ್ಕೆ ಒತ್ತಲ್ಪಡುತ್ತದೆ. ಉದ್ದವಾದ ಉಗುರು ಆ ಮಾಂಸವನ್ನು ಕೆಳಗೆ ಹಿಡಿದಿಡುತ್ತದೆ. ಉಗುರು ತೀರಾ ಮೋಟಾದಾಗ ಮಾಂಸ ಮೇಲೆದ್ದು, ಬೆಳೆದು ಬರುವ ಉಗುರಿನ ದಾರಿಗೆ ಎದುರಾಗಿ ನಿಲ್ಲುತ್ತದೆ. ಮೊನೆ ಅದರೊಳಕ್ಕೆ ನುಗ್ಗುತ್ತದೆ.

ಎರಡನೆಯ ಕಾರಣ ಬಿಗಿಯಾದ ಪಾದರಕ್ಷೆ. ಮುಂಭಾಗ ಕಿರಿದಾಗಿರುವ ಶೂ ಹೆಬ್ಬೆರಳನ್ನು ಪಕ್ಕದ ಬೆರಳಿನ ಕಡೆಗೆ ಒತ್ತಿ, ಮಾಂಸವನ್ನು ಉಗುರಿನ ಅಂಚಿಗೆ ತಳ್ಳುತ್ತದೆ. ಚಿಕ್ಕದಾದ ಶೂ ಉಗುರಿನ ತುದಿಯನ್ನೇ ಹಿಂದಕ್ಕೆ ಗುದ್ದುತ್ತದೆ.

ಮೂರನೆಯದು ತೇವ. ಇಡೀ ದಿನ ಕೆಸರುಗದ್ದೆಯಲ್ಲಿ ನಾಟಿ ಮಾಡುವವರ, ಗಂಬೂಟಿನೊಳಗೆ ಬೆವರುವ ಕಾಲುಗಳ ಚರ್ಮ ನೆನೆದು ಮೆತ್ತಗಾಗುತ್ತದೆ. ಮೆತ್ತಗಾದ ಚರ್ಮದೊಳಕ್ಕೆ ಉಗುರಿನ ಅಂಚು ಸುಲಭವಾಗಿ ಇಳಿಯುತ್ತದೆ.

ಇವಲ್ಲದೆ ಬೆರಳಿಗೆ ಕಲ್ಲು, ಗುದ್ದಲಿ ಬಿದ್ದು ಆದ ಪೆಟ್ಟು, ಶಿಲೀಂಧ್ರ ಸೋಂಕಿನಿಂದ ದಪ್ಪಗಾದ ಉಗುರು, ವಂಶಪಾರಂಪರ್ಯವಾಗಿ ಬಂದ ಬಾಗಿದ ಉಗುರು ಇವೂ ಕಾರಣಗಳಾಗುತ್ತವೆ. ಹದಿಹರೆಯದವರಲ್ಲಿ ಹಾಗೂ ಯುವಜನರಲ್ಲಿ ಈ ತೊಂದರೆ ಹೆಚ್ಚು. ವೃದ್ಧರಲ್ಲಿ ಉಗುರು ದಪ್ಪಗಾಗಿ, ಕಣ್ಣು ಮಂಜಾಗಿ, ಬಗ್ಗಿ ಕತ್ತರಿಸಿಕೊಳ್ಳಲು ಆಗದಿರುವುದರಿಂದ ಕಂಡುಬರುತ್ತದೆ.

3. ಮೂರು ಹಂತಗಳು

ವೈದ್ಯರು ಈ ತೊಂದರೆಯನ್ನು ಸಾಮಾನ್ಯವಾಗಿ ಮೂರು ಹಂತಗಳಲ್ಲಿ ಗುರುತಿಸುತ್ತಾರೆ.

ಮೊದಲ ಹಂತ: ಉಗುರಿನ ಒಂದು ಬದಿ ಕೆಂಪಾಗಿ, ಸ್ವಲ್ಪ ಊದಿಕೊಂಡು, ಒತ್ತಿದರೆ ನೋಯುತ್ತದೆ. ಕೀವು ಇರುವುದಿಲ್ಲ.

ಎರಡನೆಯ ಹಂತ: ಊತ ಹೆಚ್ಚಿ, ನೀರು ಅಥವಾ ಕೀವು ಒಸರುತ್ತದೆ. ಶೂ ಧರಿಸಲು ಆಗುವುದಿಲ್ಲ. ರಾತ್ರಿ ಹೊದಿಕೆ ತಾಗಿದರೂ ನೋವಾಗುತ್ತದೆ.

ಮೂರನೆಯ ಹಂತ: ಗಾಯದ ಜಾಗದಲ್ಲಿ ಕೆಂಪಗೆ, ಮುಟ್ಟಿದರೆ ರಕ್ತ ಬರುವ ದುರ್ಮಾಂಸ ಬೆಳೆದು ಉಗುರಿನ ಅಂಚನ್ನು ಮುಚ್ಚಿಬಿಡುತ್ತದೆ. ಬದಿಯ ಚರ್ಮ ದಪ್ಪಗಾಗುತ್ತದೆ.

ಮೊದಲ ಹಂತವನ್ನು ಮನೆಯಲ್ಲಿಯೇ ನಿಭಾಯಿಸಬಹುದು. ಎರಡನೆಯ ಹಂತದಿಂದ ಮುಂದಕ್ಕೆ ವೈದ್ಯರನ್ನು ಕಾಣುವುದು ಅವಶ್ಯಕ.

4. ಮನೆಯಲ್ಲಿ ಮಾಡಬಹುದಾದ ಆರೈಕೆ

ಮಧುಮೇಹವಿಲ್ಲದ, ರಕ್ತಸಂಚಾರದ ತೊಂದರೆಯಿಲ್ಲದ ವ್ಯಕ್ತಿಗಳು ಮೊದಲ ಹಂತದಲ್ಲಿ ಪಾದವನ್ನು ಉಗುರುಬೆಚ್ಚಗಿನ ನೀರಿನಲ್ಲಿ 10ರಿಂದ 20 ನಿಮಿಷ, ದಿನಕ್ಕೆ ಮೂರು ನಾಲ್ಕು ಬಾರಿ ಇಟ್ಟುಕೊಳ್ಳಬೇಕು. ಚರ್ಮ ಮೆದುವಾದ ಬಳಿಕ ಬದಿಯ ಮಾಂಸವನ್ನು ಬೆರಳಿನಿಂದ ನಿಧಾನವಾಗಿ ಉಗುರಿನಿಂದ ಆಚೆಗೆ ಸರಿಸಬೇಕು. ನೋವು ಸಹಿಸುವಂತಿದ್ದರೆ, ಸ್ವಚ್ಛವಾದ ಹತ್ತಿಯ ಸಣ್ಣ ಎಳೆಯೊಂದನ್ನು ಉಗುರಿನ ಮೂಲೆಯ ಅಡಿಯಲ್ಲಿ ಸೇರಿಸಿ ಅಂಚು ಮಾಂಸದ ಮೇಲಕ್ಕೆ ಬರುವಂತೆ ಮಾಡಬಹುದು. ಈ ಹತ್ತಿಯನ್ನು ಪ್ರತಿದಿನ ತಪ್ಪದೆ ಬದಲಾಯಿಸಬೇಕು. ನಂತರ ಪಾದವನ್ನು, ಬೆರಳುಗಳ ಸಂದಿಯನ್ನೂ ಸೇರಿಸಿ, ಚೆನ್ನಾಗಿ ಒರೆಸಿ ಒಣಗಿಸಬೇಕು. ಅಷ್ಟು ದಿನ ಶೂ ಬಿಟ್ಟು ಮುಂಭಾಗ ತೆರೆದಿರುವ ಚಪ್ಪಲಿ ಬಳಸುವುದು ಒಳ್ಳೆಯದು. ನೋವಿಗೆ ಪ್ಯಾರಾಸಿಟಮಾಲ್ ಸಾಕಾಗುತ್ತದೆ.

ಉಗುರು ನಿಧಾನವಾಗಿ ಬೆಳೆಯುವುದರಿಂದ ಮೂಲೆ ಮಾಂಸವನ್ನು ದಾಟಿ ಹೊರಬರಲು ವಾರಗಳೇ ಬೇಕಾಗಬಹುದು. ಆದುದರಿಂದ ನೋವು ನಿಂತೊಡನೆ ಆರೈಕೆಯನ್ನು ಬಿಡಬಾರದು. ಆದರೆ ಮೂರರಿಂದ ಐದು ದಿನಗಳಲ್ಲಿ ನೋವು, ಊತ ಸ್ವಲ್ಪವೂ ತಗ್ಗದಿದ್ದಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತೆರಳಬೇಕು.

ಮಾಡಬಾರದ ಕೆಲಸಗಳನ್ನೂ ಸ್ಪಷ್ಟವಾಗಿ ಹೇಳುವುದು ಅಗತ್ಯ. ಬ್ಲೇಡು, ಪಿನ್ನು, ಚಾಕುವಿನಿಂದ ಮೂಲೆಯನ್ನು ಅಗೆದು ತೆಗೆಯುವುದು ಸಲ್ಲದು. ಆ ಕ್ಷಣಕ್ಕೆ ಹಾಯೆನಿಸಿದರೂ ಇನ್ನೂ ಆಳದಲ್ಲಿ ಹೊಸ ಮೊನೆಯೊಂದು ಉಳಿದು, ತೊಂದರೆ ಮೊದಲಿಗಿಂತ ಹೆಚ್ಚಾಗಿ ಮರಳುತ್ತದೆ. ಸುಣ್ಣ, ಸಗಣಿ, ಕಾದ ಎಣ್ಣೆ ಮೊದಲಾದವುಗಳನ್ನು ತೆರೆದ ಗಾಯಕ್ಕೆ ಹಾಕಬಾರದು. ಔಷಧಿ ಅಂಗಡಿಯಿಂದ ಸ್ವಂತ ನಿರ್ಧಾರದ ಮೇಲೆ ಆಂಟಿಬಯಾಟಿಕ್ ಮಾತ್ರೆ ತಂದು ನುಂಗುವುದರಿಂದ ಮಾಂಸದೊಳಗಿನ ಮೊನೆ ಕರಗುವುದಿಲ್ಲ. ಗಾಯಕ್ಕೆ ಮಣ್ಣು, ಸಗಣಿ ತಾಗಿದ್ದರೆ ಧನುರ್ವಾಯು ತಡೆಯುವ ಚುಚ್ಚುಮದ್ದಿನ ಬಗ್ಗೆ ಆರೋಗ್ಯ ಸಿಬ್ಬಂದಿಯನ್ನು ವಿಚಾರಿಸಬೇಕು.

5. ಆಸ್ಪತ್ರೆಯಲ್ಲಿ ದೊರೆಯುವ ಚಿಕಿತ್ಸೆ

"ಆಸ್ಪತ್ರೆಗೆ ಹೋದರೆ ಉಗುರನ್ನೇ ಕೀಳುತ್ತಾರೆ" ಎಂಬ ಭಯದಿಂದ ಅನೇಕರು ಮೂರನೆಯ ಹಂತದವರೆಗೂ ಕಾಯುತ್ತಾರೆ. ಈ ಭಯವನ್ನು ನಿವಾರಿಸುವುದರಲ್ಲಿ ಸದಸ್ಯರ ಮಾತಿಗೆ ಬೆಲೆಯಿದೆ. ಇಡೀ ಉಗುರನ್ನು ತೆಗೆಯುವ ಅಗತ್ಯ ಬಹುತೇಕ ಸಂದರ್ಭಗಳಲ್ಲಿ ಇರುವುದಿಲ್ಲ. ಹಾಗೆ ತೆಗೆದರೂ ಬೇರು ಹಾಗೆಯೇ ಉಳಿದಿರುವುದರಿಂದ ಉಗುರು ಮತ್ತೆ ಅದೇ ರೀತಿ ಬೆಳೆದು ತೊಂದರೆ ಮರುಕಳಿಸುವುದುಂಟು.

ಸಾಮಾನ್ಯವಾಗಿ ಬೆರಳಿನ ಬುಡಕ್ಕೆ ಚುಚ್ಚುಮದ್ದು ನೀಡಿ ಆ ಬೆರಳನ್ನು ಮಾತ್ರ ಮರಗಟ್ಟಿಸಲಾಗುತ್ತದೆ. ನಂತರ ಮಾಂಸದೊಳಗೆ ಇಳಿದಿರುವ ಬದಿಯಲ್ಲಿ ಕೆಲವೇ ಮಿಲಿಮೀಟರ್ ಅಗಲದ ಉಗುರಿನ ಪಟ್ಟಿಯನ್ನು ಬುಡದವರೆಗೆ ಸೀಳಿ ತೆಗೆಯಲಾಗುತ್ತದೆ. ಅದೇ ಭಾಗ ಮತ್ತೆ ಬೆಳೆಯದಂತೆ ಆ ಬದಿಯ ಬೇರಿಗೆ ಫಿನಾಲ್ ಎಂಬ ರಾಸಾಯನಿಕವನ್ನು ವೈದ್ಯರು ಲೇಪಿಸುತ್ತಾರೆ. ಪಟ್ಟಿಯನ್ನಷ್ಟೇ ತೆಗೆದು ಬಿಡುವುದಕ್ಕಿಂತ ಹೀಗೆ ಬೇರಿಗೂ ಚಿಕಿತ್ಸೆ ನೀಡಿದಾಗ ತೊಂದರೆ ಮರುಕಳಿಸುವುದು ಕಡಿಮೆ. ಇದು ವೈದ್ಯರೇ ಮಾಡಬೇಕಾದ ಕೆಲಸ. ಮನೆಯಲ್ಲಿ ನೆಲ ತೊಳೆಯಲು ಬಳಸುವ ಫಿನಾಯಿಲ್‌ಗೂ ಈ ಚಿಕಿತ್ಸೆಗೂ ಸಂಬಂಧವಿಲ್ಲ ಎಂಬುದನ್ನು ಜನರಿಗೆ ತಿಳಿಸಬೇಕು.

ರೋಗಿಯು ಅದೇ ದಿನ ಮನೆಗೆ ಮರಳಬಹುದು. ಒಂದೆರಡು ದಿನ ಕಾಲನ್ನು ದಿಂಬಿನ ಮೇಲೆ ಎತ್ತರಿಸಿಟ್ಟು ವಿಶ್ರಾಂತಿ ಪಡೆಯಬೇಕು. ಗಾಯ ಪೂರ್ತಿ ಮಾಯುವವರೆಗೆ, ಅಂದರೆ ಕೆಲವು ವಾರಗಳ ಕಾಲ, ಪಟ್ಟಿ ಬದಲಾಯಿಸಿಕೊಳ್ಳುತ್ತಾ ಕೆಸರು, ಸಗಣಿ, ಕೊಳಚೆ ನೀರಿನಿಂದ ದೂರವಿರಬೇಕು. ನಾಟಿ ಅಥವಾ ಕೊಯ್ಲಿನ ದಿನಗಳಲ್ಲಿ ಕೂಲಿಕಾರರಿಗೆ ಇದು ಕಷ್ಟದ ಮಾತು. ಆದುದರಿಂದಲೇ ಮೊದಲ ಹಂತದಲ್ಲಿಯೇ ಗಮನ ಕೊಡುವಂತೆ ಒತ್ತಾಯಿಸಬೇಕಾಗಿದೆ.

6. ಯಾರಿಗೆ ಇದು ಸಣ್ಣ ತೊಂದರೆಯಲ್ಲ

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದೊಂದಿಗೆ ನಡೆದು 2023ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನವು ದೇಶದಲ್ಲಿ ಸುಮಾರು 10.1 ಕೋಟಿ ಜನರಿಗೆ ಮಧುಮೇಹವಿದೆ ಎಂದು ಅಂದಾಜು ಮಾಡಿದೆ. ಇದು ಪಟ್ಟಣದ ರೋಗವಾಗಿ ಉಳಿದಿಲ್ಲ. ಪ್ರತಿ ಗ್ರಾಮದಲ್ಲಿಯೂ ಮಧುಮೇಹಿಗಳಿದ್ದಾರೆ. ತಮಗೆ ಆ ರೋಗವಿರುವುದು ತಿಳಿಯದೇ ಇರುವವರೂ ಇದ್ದಾರೆ.

ದೀರ್ಘಕಾಲದ ಮಧುಮೇಹದಿಂದ ಪಾದದ ನರಗಳು ದುರ್ಬಲಗೊಂಡು ಸ್ಪರ್ಶ ಹಾಗೂ ನೋವಿನ ಅರಿವು ಕುಗ್ಗುತ್ತದೆ. ರಕ್ತಸಂಚಾರವೂ ಕಡಿಮೆಯಾಗಬಹುದು. ಉಗುರು ಮಾಂಸದೊಳಗೆ ಇಳಿದರೂ ನೋವಾಗುವುದಿಲ್ಲ. ನೋವಿಲ್ಲದ ಕಾರಣ ಕಾಲಿನತ್ತ ನೋಡುವುದಿಲ್ಲ. ಕೀವಿನ ವಾಸನೆ ಬಂದಾಗ ಅಥವಾ ಬೆರಳು ಕಪ್ಪಾದಾಗ ಮನೆಯವರ ಗಮನಕ್ಕೆ ಬರುತ್ತದೆ. ಅಷ್ಟರಲ್ಲಿ ಸೋಂಕು ಮೂಳೆಯನ್ನು ತಲುಪಿರುವ ಸಾಧ್ಯತೆಯಿದೆ. ಆ ಹಂತದಲ್ಲಿ ಜೀವ ಉಳಿಸಲು ಬೆರಳನ್ನೋ ಪಾದವನ್ನೋ ತೆಗೆಯಬೇಕಾದ ಪ್ರಸಂಗ ಒದಗುತ್ತದೆ. ದುಡಿಯುವ ಕೈಗೆ ನಿಲ್ಲುವ ಕಾಲೇ ಇಲ್ಲದಂತಾದರೆ ಇಡೀ ಕುಟುಂಬದ ಜೀವನೋಪಾಯ ಕುಸಿಯುತ್ತದೆ.

ಕುಷ್ಠರೋಗದಿಂದ ಗುಣಮುಖರಾಗಿದ್ದರೂ ಪಾದದ ಸ್ಪರ್ಶಜ್ಞಾನ ಮರಳದಿರುವವರ ಸ್ಥಿತಿಯೂ ಇದೇ ಆಗಿದೆ. ಅಂತಹವರಿಗೆ ರಾಷ್ಟ್ರೀಯ ಕುಷ್ಠರೋಗ ನಿರ್ಮೂಲನಾ ಕಾರ್ಯಕ್ರಮದಡಿ ಎಂ.ಸಿ.ಆರ್. ಪಾದರಕ್ಷೆಗಳನ್ನು ಉಚಿತವಾಗಿ ನೀಡಲಾಗುತ್ತದೆ.

ಈ ಎರಡೂ ಗುಂಪಿನವರು ಮನೆಮದ್ದನ್ನು ಪ್ರಯೋಗಿಸಬಾರದು. ಬಿಸಿನೀರಿನಲ್ಲಿ ಕಾಲಿಡುವುದೂ ಅವರಿಗೆ ಅಪಾಯಕರ. ಕಾಲು ಸುಟ್ಟರೂ ಅವರಿಗೆ ತಿಳಿಯುವುದಿಲ್ಲ. ಉಗುರಿನ ಬದಿ ಕೆಂಪಾಗಿರುವುದು ಕಂಡ ದಿನವೇ ವೈದ್ಯರ ಬಳಿಗೆ ಹೋಗಬೇಕು. ಪ್ರತಿದಿನ ಮಲಗುವ ಮುನ್ನ ಪಾದ, ಬೆರಳ ಸಂದಿ, ಉಗುರುಗಳನ್ನು ಪರೀಕ್ಷಿಸಿಕೊಳ್ಳಬೇಕು. ಕಣ್ಣು ಕಾಣದ ಹಿರಿಯರ ಪಾದವನ್ನು ಮನೆಯ ಮಕ್ಕಳು, ಮೊಮ್ಮಕ್ಕಳು ನೋಡಿ ಹೇಳಬಹುದು.

ಯಾರೇ ಆಗಲಿ, ಕೆಂಪು ಪಾದದತ್ತ ಹರಡುವುದು, ಕಾಲಿನ ಮೇಲೆ ಕೆಂಪು ಗೆರೆ ಏರುವುದು, ಜ್ವರ, ತೊಡೆಸಂದಿಯಲ್ಲಿ ಗಂಟು, ಬೆರಳು ಕಪ್ಪಾಗುವುದು ಇವುಗಳಲ್ಲಿ ಯಾವುದೇ ಒಂದು ಲಕ್ಷಣ ಕಂಡರೂ ವಿಳಂಬವಿಲ್ಲದೆ ಆಸ್ಪತ್ರೆ ತಲುಪಬೇಕು.

7. ತಡೆಗಟ್ಟುವ ವಿಧಾನ

ಕಾಲಿನ ಉಗುರನ್ನು ನೇರವಾಗಿ, ಅಡ್ಡಗೆರೆ ಎಳೆದಂತೆ ಕತ್ತರಿಸಬೇಕು. ಉಗುರು ಬೆರಳಿನ ತುದಿಯ ಮಟ್ಟಕ್ಕೆ ಇರಬೇಕು, ಅದಕ್ಕಿಂತ ಮೋಟಾಗಬಾರದು. ಮೂಲೆಗಳು ಚರ್ಮದ ಮೇಲೆ ಕಾಣುತ್ತಿರಬೇಕು. ಚೂಪಾಗಿದ್ದರೆ ಅರದಿಂದ ಸ್ವಲ್ಪ ಉಜ್ಜಬಹುದೇ ಹೊರತು ಒಳಕ್ಕೆ ಕತ್ತರಿಸಬಾರದು. ಸ್ನಾನವಾದ ಮೇಲೆ ಉಗುರು ಮೆದುವಾಗಿರುವಾಗ, ಸಾಕಷ್ಟು ಬೆಳಕಿನಲ್ಲಿ ಕತ್ತರಿಸುವುದು ಉತ್ತಮ. ದೀಪ ಹಚ್ಚಿದ ಮೇಲೆ ಉಗುರು ತೆಗೆಯಬಾರದೆಂಬ ಹಿರಿಯರ ಕಟ್ಟಳೆ ಈ ದೃಷ್ಟಿಯಿಂದ ಉಪಯುಕ್ತವೇ ಆಗಿದೆ.

ಪಾದರಕ್ಷೆಯನ್ನು ಕೊಳ್ಳುವಾಗ ಸಂಜೆಯ ವೇಳೆ, ನಿಂತುಕೊಂಡು, ಎರಡೂ ಕಾಲಿಗೆ ಹಾಕಿ ನೋಡಬೇಕು. ದಿನದ ಕೊನೆಗೆ ಪಾದ ಸ್ವಲ್ಪ ಉಬ್ಬಿರುತ್ತದೆ. ಉದ್ದವಾದ ಬೆರಳಿನ ಮುಂದೆ ಸುಮಾರು ಒಂದು ಸೆಂಟಿಮೀಟರ್ ಜಾಗವಿರಬೇಕು. ಬೆರಳುಗಳು ಒಳಗೆ ಆಡುವಂತಿರಬೇಕು. ಒದ್ದೆಯಾದ ಕಾಲುಚೀಲವನ್ನು ಬದಲಾಯಿಸಬೇಕು. ಗಂಬೂಟನ್ನು ಕೆಲಸ ಮುಗಿದ ಮೇಲೆ ಬೋರಲಾಗಿಟ್ಟು ಒಣಗಿಸಬೇಕು.

8. ಗ್ರಾಮ ಪಂಚಾಯತಿ ಕೈಗೊಳ್ಳಬಹುದಾದ ಕ್ರಮಗಳು

ಉಗುರು ಕತ್ತರಿಸುವುದು ವ್ಯಕ್ತಿಯ ಸ್ವಂತ ವಿಷಯ, ಅದರಲ್ಲಿ ಪಂಚಾಯತಿಗೇನು ಕೆಲಸ ಎಂಬ ಪ್ರಶ್ನೆ ಏಳಬಹುದು. ಕತ್ತರಿಸುವುದು ಸ್ವಂತ ವಿಷಯವೇ ಸರಿ. ಆದರೆ ಸರ್ಕಾರಿ ಶಾಲೆಯ ಮಗುವಿನ ಶೂ ಮತ್ತು ಸ್ವಚ್ಛತಾ ಕೆಲಸಗಾರರ ಬೂಟು ಸಾರ್ವಜನಿಕ ಹಣದಿಂದ ಬರುವಂಥವು. ಅವುಗಳ ಅಳತೆ ತಪ್ಪಿದರೆ, ರಕ್ಷಣೆಗೆಂದು ಕೊಟ್ಟ ವಸ್ತುವೇ ಗಾಯಕ್ಕೆ ಕಾರಣವಾಗುತ್ತದೆ. ಆ ಹೊಣೆ ವ್ಯಕ್ತಿಯದಲ್ಲ. ಈ ಹಿನ್ನೆಲೆಯಲ್ಲಿ ಕೆಳಕಂಡ ಕ್ರಮಗಳನ್ನು ಪರಿಗಣಿಸಬಹುದಾಗಿದೆ.

(1) ಶಾಲಾ ಶೂ: ಸರ್ಕಾರಿ ಶಾಲೆಗಳ ಮಕ್ಕಳಿಗೆ ನೀಡುವ ಶೂಗಳನ್ನು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳ ಮೂಲಕ ಖರೀದಿಸಲಾಗುತ್ತದೆ. ಖರೀದಿಗೆ ಮುನ್ನ ಪ್ರತಿ ಮಗುವನ್ನು ಕಾಗದದ ಮೇಲೆ ನಿಲ್ಲಿಸಿ ಎರಡೂ ಪಾದಗಳ ಗೆರೆ ಎಳೆದು, ಉದ್ದ ಮತ್ತು ಅಗಲವನ್ನು ಬರೆದಿಡುವಂತೆ ಸಮಿತಿಗೆ ಸಲಹೆ ನೀಡಬಹುದು. ತರಗತಿಯನ್ನು ನೋಡಿ ಅಂದಾಜಿನ ಮೇಲೆ ಅಳತೆ ನಿಗದಿಪಡಿಸುವುದು ಸರಿಯಲ್ಲ. ಶಾಲಾ ವರ್ಷದ ನಡುವೆ ಶೂ ಬಿಗಿಯಾದ ಮಗುವಿಗೆ, ಅದು ಬದಲಾಗುವವರೆಗೆ, ಚಪ್ಪಲಿಯಲ್ಲಿ ಬರಲು ಅನುಮತಿ ನೀಡುವಂತೆ ಮುಖ್ಯ ಶಿಕ್ಷಕರನ್ನು ಕೋರಬಹುದು.

(2) ಸ್ವಚ್ಛತಾ ಕೆಲಸಗಾರರ ಬೂಟು: ಸ್ವಚ್ಛವಾಹಿನಿಗಳಲ್ಲಿ ಹಾಗೂ ಕಸ ವಿಂಗಡಣೆಯಲ್ಲಿ ತೊಡಗಿರುವವರಲ್ಲಿ ಸ್ವಸಹಾಯ ಸಂಘಗಳ ಮಹಿಳೆಯರೇ ಬಹಳ ಮಂದಿ ಇದ್ದಾರೆ. ಎಲ್ಲರಿಗೂ ಒಂದೇ ಅಳತೆಯ ಬೂಟು ತರಿಸಬಾರದು. ಖರೀದಿ ಬೇಡಿಕೆ ಪಟ್ಟಿಯಲ್ಲಿ ಪ್ರತಿಯೊಬ್ಬರ ಹೆಸರಿನ ಮುಂದೆ ಅಳತೆಯನ್ನು ನಮೂದಿಸಬೇಕು. ಬೂಟಿನ ಜೊತೆಗೆ ಬದಲಿಸಿಕೊಳ್ಳಲು ಹತ್ತಿಯ ಕಾಲುಚೀಲಗಳನ್ನೂ, ಕೆಲಸ ಮುಗಿದ ಮೇಲೆ ಕಾಲು ತೊಳೆದು ಒರೆಸಿಕೊಳ್ಳಲು ನೀರು ಹಾಗೂ ಸ್ಥಳವನ್ನೂ ಒದಗಿಸಬೇಕು. ಬೂಟು ಕೊಟ್ಟರೂ ಹಾಕುವುದಿಲ್ಲ ಎಂಬ ದೂರು ಬಂದಾಗ, ಅದು ಕಾಲಿಗೆ ಸರಿಹೊಂದುತ್ತದೆಯೇ ಎಂಬುದನ್ನು ಮೊದಲು ಕೇಳಬೇಕು.

(3) ಪಾದ ಪರೀಕ್ಷೆ: 30 ವರ್ಷ ಮೇಲ್ಪಟ್ಟವರಿಗೆ ಆಯುಷ್ಮಾನ್ ಆರೋಗ್ಯ ಮಂದಿರಗಳಲ್ಲಿ ಮಧುಮೇಹ, ರಕ್ತದೊತ್ತಡದ ತಪಾಸಣೆ ನಡೆಯುತ್ತದೆ. ಮಧುಮೇಹ ಇರುವವರ ಶೂ, ಚಪ್ಪಲಿ ಬಿಚ್ಚಿಸಿ ಪಾದ ಮತ್ತು ಉಗುರುಗಳನ್ನೂ ನೋಡುವಂತೆ ಸಮುದಾಯ ಆರೋಗ್ಯ ಅಧಿಕಾರಿಗಳನ್ನು ವಿನಂತಿಸಬಹುದು. ಇದಕ್ಕೆ ಯಾವ ಉಪಕರಣವೂ ಬೇಕಿಲ್ಲ, ಎರಡು ನಿಮಿಷದ ಸಮಯ ಸಾಕು.

(4) ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ: ಈ ಸಮಿತಿಯ ಸಭೆಯಲ್ಲಿ ಆಶಾ ಕಾರ್ಯಕರ್ತೆಯರ ಮೂಲಕ ಉಗುರು ಕತ್ತರಿಸುವ ಸರಿಯಾದ ಕ್ರಮವನ್ನು ಮಾಡಿ ತೋರಿಸಬಹುದು. ಒಂಟಿಯಾಗಿರುವ ವೃದ್ಧರು, ದೃಷ್ಟಿಹೀನರು ಯಾರು ಯಾರಿದ್ದಾರೆ, ಅವರ ಉಗುರನ್ನು ಯಾರು ಕತ್ತರಿಸುತ್ತಾರೆ ಎಂಬುದನ್ನು ವಾರ್ಡುವಾರು ವಿಚಾರಿಸುವುದು ಸೂಕ್ತ.

(5) ಕಾಮಗಾರಿ ಸ್ಥಳ: ಉದ್ಯೋಗ ಖಾತರಿ ಕಾಮಗಾರಿಗಳ ಸ್ಥಳದಲ್ಲಿರುವ ಪ್ರಥಮ ಚಿಕಿತ್ಸಾ ಪೆಟ್ಟಿಗೆಯಲ್ಲಿ ಹತ್ತಿ, ಪಟ್ಟಿ, ನಂಜುನಿರೋಧಕ ದ್ರಾವಣ ಇವೆಯೇ, ಅವುಗಳ ಅವಧಿ ಮೀರಿಲ್ಲವೇ ಎಂಬುದನ್ನು ಸದಸ್ಯರು ಭೇಟಿ ನೀಡಿದಾಗ ಪರಿಶೀಲಿಸಬಹುದು. ಕುಂಟುತ್ತಾ ಕೆಲಸ ಮಾಡುತ್ತಿರುವವರನ್ನು ಕಂಡರೆ ಕಾರಣ ಕೇಳಿ ಆರೋಗ್ಯ ಕೇಂದ್ರಕ್ಕೆ ಕಳುಹಿಸಬೇಕು.

ಈ ಐದು ಕ್ರಮಗಳಲ್ಲಿ ಹೆಚ್ಚಿನವುಗಳಿಗೆ ಹೊಸ ಅನುದಾನದ ಅವಶ್ಯಕತೆಯಿಲ್ಲ. ಈಗಾಗಲೇ ನಡೆಯುತ್ತಿರುವ ಖರೀದಿಯಲ್ಲಿ ಅಳತೆಯ ಒಂದು ಕಲಂ ಸೇರಿಸುವುದು, ಈಗಾಗಲೇ ನಡೆಯುತ್ತಿರುವ ತಪಾಸಣೆಯಲ್ಲಿ ಪಾದವನ್ನೂ ನೋಡುವುದು, ಇಷ್ಟೇ ಬೇಕಾಗಿರುವುದು. ಮಾನ್ಯ ಸದಸ್ಯರು ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸಿ, ಮೊದಲ ಹೆಜ್ಜೆಯಾಗಿ ತಮ್ಮ ಪಂಚಾಯತಿಯ ಸ್ವಚ್ಛತಾ ಕೆಲಸಗಾರರ ಪಾದಗಳ ಅಳತೆಯನ್ನು ದಾಖಲಿಸಿಕೊಳ್ಳುವ ಬಗ್ಗೆ ನಿರ್ಣಯ ಕೈಗೊಳ್ಳಬೇಕೆಂದು ಕೋರಲಾಗಿದೆ.